ಕಲ್ಲೇಶಿಯನ್ನು ಮುಟ್ಟಬ್ಯಾಡ್ರಿ

ದಾವಣಗೆರೆಯಲ್ಲಿ ಒಂದು ಸ್ಕೂಟರ್ ಕೆಟ್ಟು ನಿಂತರೆ ತಳ್ಳಲು ನಾಲ್ಕು ಜನ ಬರುತ್ತಾರೆ. ಕೆಡದೆ ಸುಮ್ಮನೆ ನಿಂತರೂ ಇಬ್ಬರು ಬರುತ್ತಾರೆ. ಅಂಥ ಊರಿನಲ್ಲಿ ಗಾಲಿಕುರ್ಚಿಯವನೊಬ್ಬ ರಸ್ತೆಗಿಳಿದರೆ ಏನಾಗುತ್ತದೆಂದು ಬೇರೆ ಹೇಳಬೇಕಿಲ್ಲ. ವಿದ್ಯಾನಗರದಲ್ಲಿ ಎಸ್‌ಟಿಡಿ ಬೂತ್ ಇಟ್ಟಿದ್ದ ಕಲ್ಲೇಶಪ್ಪ, ಎಲ್ಲರ ಬಾಯಲ್ಲಿ ಕಲ್ಲೇಶಿ, ಮನೆಯಿಂದ ಬೂತಿಗೆ ಹೋಗುವಾಗ ಬೆವರು ಒರೆಸಿಕೊಳ್ಳಲೆಂದು ಒಂದು ಗಳಿಗೆ ನಿಂತರೆ ಸಾಕು, ಹಿಂದಿನಿಂದ ಯಾರೋ ತಳ್ಳಲು ಶುರುಮಾಡುತ್ತಿದ್ದರು. ಎಲ್ಲಿಗೆ ಎಂದು ಕೇಳುವ ಪದ್ಧತಿ ಇರಲಿಲ್ಲ. ಒಮ್ಮೆ ಹಾಗೆ ತಳ್ಳಿಸಿಕೊಂಡು ಬೂತನ್ನು ದಾಟಿ, ಸರ್ಕಲ್ಲನ್ನೂ ದಾಟಿ, ಗುರುತೇ ಇಲ್ಲದ ಒಂದು ಮದುವೆ ಮನೆಯ ಊಟದ ಸಾಲಿನಲ್ಲಿ ಹೋಗಿ ನಿಂತಿದ್ದ. ಹೋಳಿಗೆ ಚೆನ್ನಾಗಿತ್ತು, ಆ ಮಾತು ಬೇರೆ.

ಎರಡು ವರ್ಷದವನಿದ್ದಾಗ ಪೋಲಿಯೊ ಬಂದು ಎರಡೂ ಕಾಲು ಸೋತಿದ್ದವು. ಅಲ್ಲಿಂದಾಚೆ ಎಲ್ಲಿಗೆ ಹೋದರೂ ಕಲ್ಲೇಶಿ ಯಾರದೋ ಕೈಮೇಲೆ ಹೋದವನೇ. ಜಾತ್ರೆಗೆ ಸೋದರಮಾವ ಕೆಂಚವೀರಪ್ಪನ ಹೆಗಲ ಮೇಲೆ, ಕಾಲೇಜಿಗೆ ಗೆಳೆಯರ ಸೈಕಲ್ ಕ್ಯಾರಿಯರ್ ಮೇಲೆ, ಸಿನಿಮಾದ ಬಾಲ್ಕನಿಗೆ ನಾಲ್ವರ ತೋಳಿನಲ್ಲಿ. ಬಿ.ಎ. ಪಾಸಾದಾಗ ಓಣಿಯವರು ನಾವೇ ಪಾಸು ಮಾಡಿಸಿದ್ವಿ ಎಂದರು. ಪರೀಕ್ಷೆಯ ಹಾಲಿಗೆ ಮೂರು ಮಹಡಿ ಹೊತ್ತವರ ಕಡೆಯಿಂದ ನೋಡಿದರೆ ಅದು ಪೂರಾ ಸುಳ್ಳೂ ಅಲ್ಲ. ಕಲ್ಲೇಶಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಒಂದೇ ಒಂದು ಆಸೆ ಇತ್ತು: ಬದುಕಿನಲ್ಲಿ ಒಂದು ಕಡೆಗಾದರೂ ತಾನೇ ಹೋಗಿ ಮುಟ್ಟಬೇಕು, ಮುಟ್ಟಿದ ಮೇಲೆ 'ನಾವು ಮುಟ್ಟಿಸಿದ್ವಿ' ಅನ್ನುವವರು ಒಬ್ಬರೂ ಇರಬಾರದು.

ನೀರಿನಲ್ಲಿ ಮಾತ್ರ ಈ ಆಸೆ ಚಿಕ್ಕಂದಿನಲ್ಲೇ ಸ್ವಲ್ಪ ಈಡೇರಿತ್ತು. ಕಡರನಾಯಕನಹಳ್ಳಿಯಲ್ಲಿದ್ದ ಕೆಂಚವೀರಪ್ಪ ಮಾವ ರಜೆಗೆ ಬಂದ ಅಳಿಯನ ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿ ಹೊಲದ ಬಾವಿಗೆ ಎಸೆದಿದ್ದ. ಹೆಸರಿನಲ್ಲೇ ಕಲ್ಲಿದ್ದವನು ಮುಳುಗುತ್ತಾನೆಂದು ದಂಡೆಯಲ್ಲಿದ್ದವರೆಲ್ಲ ಕಣ್ಣು ಮುಚ್ಚಿಕೊಂಡರೆ ಕಲ್ಲು ತೇಲಿತು. ಎರಡನೆಯ ಬೇಸಿಗೆಗೆ ಬುರುಡೆ ಬಿಚ್ಚಿದರು, ಮೂರನೆಯ ಬೇಸಿಗೆಗೆ ಬಾವಿ ಸಾಲದಾಯಿತು. ನೀರು ಯಾರ ಕಾಲನ್ನೂ ವಿಚಾರಿಸುವುದಿಲ್ಲ. ಜೊತೆಗೆ, ಈಜುತ್ತಿರುವವನನ್ನು ಹಿಂದಿನಿಂದ ತಳ್ಳಲು ತಳ್ಳುವವನಿಗೂ ಈಜು ಬರಬೇಕು.

ಉಳಿದದ್ದಕ್ಕೆ ಗೌಸ್ ಪೀರ್ ಇದ್ದ. ಹೈಸ್ಕೂಲಿನಿಂದ ಗೆಳೆಯ, ಈಗ ಸೈಕಲ್ ರಿಪೇರಿ ಮತ್ತು ವೆಲ್ಡಿಂಗ್ ಅಂಗಡಿ. ಸರ್ಕಾರ ಕೊಟ್ಟ, ಕೈಯಿಂದ ಹಿಡಿ ತಿರುಗಿಸಿ ಓಡಿಸುವ ಮೂರು ಗಾಲಿಯ ಸೈಕಲ್ಲನ್ನು ಬಿಚ್ಚಿ, ಬೇಡದ ಕಬ್ಬಿಣ ಕಿತ್ತೆಸೆದು, ರೇಸ್ ಸೈಕಲ್ಲಿನ ಚೈನು ಹಾಕಿ ಕೊಟ್ಟಿದ್ದ. ಮೊದಲ ಸಲ ಅದರಲ್ಲಿ ಹೋದಾಗ ಕಲ್ಲೇಶಿ ಸಿಟಿ ಬಸ್ಸೊಂದನ್ನು ಹಿಂದೆ ಹಾಕಿದ. ಬಸ್ಸು ನಿಲ್ದಾಣದಲ್ಲಿ ನಿಂತಿತ್ತು ಎಂಬುದನ್ನು ಇಬ್ಬರೂ ಯಾರಿಗೂ ಹೇಳಲಿಲ್ಲ.

ಇಂಥವನನ್ನು ಆಟಕ್ಕೆ ಎಳೆದವರು ಏಕಾಂತಪ್ಪ ಮಾಸ್ತರು. ನಿವೃತ್ತ ಡ್ರಿಲ್ ಮಾಸ್ತರು. ಹೆಸರು ಏಕಾಂತಪ್ಪನಾದರೂ ಸದಾ ಗುಂಪಿನ ನಡುವೆ ಇದ್ದು, ಆ ಗುಂಪನ್ನು ಸಾಲಾಗಿ ನಿಲ್ಲಿಸುವವರೆಗೆ ಸಮಾಧಾನವಿಲ್ಲದ ಮನುಷ್ಯ. ಮಾತಿಗೆ ಮೊದಲು ಒಂದು ಸೀಟಿ, ಮಾತಿನ ಕೊನೆಗೆ "ರೂಲ್ ಅಂದ್ರೆ ರೂಲ್". ಭಾನುವಾರ ಮಗಳಿಗೆ ಫೋನ್ ಮಾಡಲು ಬೂತಿಗೆ ಬಂದು, ಮೊಮ್ಮಗುವಿನ ಜೊತೆಗೂ ಹೆಚ್ಚುಕಡಿಮೆ ಅದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ಅವರು ಹೋದಮೇಲೆ ಕಲ್ಲೇಶಿ ಆ ಧ್ವನಿಯನ್ನು ಸೀಟಿಯ ಸಮೇತ ತೆಗೆದು ತೋರಿಸುತ್ತಿದ್ದ. ಹಾಸ್ಟೆಲ್ ಹುಡುಗರು ಅದನ್ನು ಕೇಳಲೆಂದೇ ಬೇಡದ ಕರೆ ಮಾಡುತ್ತಿದ್ದರು. ಮನೆಯಲ್ಲಿ ಅವ್ವ ಸರ್ವಮಂಗಳಮ್ಮ ಮಾತ್ರ ನಗದೆ, ಸೀಟಿ ಇನ್ನೂ ಸ್ವಲ್ಪ ಮೂಗಿನಿಂದ ಬರಬೇಕು ಎಂದು ತಿದ್ದುತ್ತಿದ್ದಳು.

ದಾವಣಗೆರೆ ಹೊಸದಾಗಿ ಜಿಲ್ಲೆಯಾದ ವರ್ಷ ಹರಿಹರದ ಯುವಕರ ಸಂಘವೊಂದು ಟ್ರಯಾಥ್ಲಾನ್ ಎಂಬ ಹೊಸ ಆಟ ಇಟ್ಟಿತು. ಹರಿಹರದಲ್ಲಿ ಹೊಳೆ ಈಜಬೇಕು, ಅಲ್ಲಿಂದ ದಾವಣಗೆರೆಗೆ ಸೈಕಲ್ ತುಳಿಯಬೇಕು, ಊರೊಳಗೆ ಓಡಿ ಹೈಸ್ಕೂಲ್ ಮೈದಾನ ಮುಟ್ಟಬೇಕು. ಸರ್ವಮಂಗಳಮ್ಮ ಅದಕ್ಕೆ ಮೂರಾಟ ಎಂದು ಹೆಸರಿಟ್ಟಳು. ತೀರ್ಪುಗಾರರು ಏಕಾಂತಪ್ಪ ಮಾಸ್ತರು. ತುಳಿಯುವ ಬದಲು ಕೈಯಲ್ಲಿ ತಿರುಗಿಸಲಿ, ಓಡುವ ಬದಲು ಗಾಲಿಕುರ್ಚಿ ಉರುಳಿಸಲಿ ಎಂದು ಸಂಘದವರನ್ನು ಒಪ್ಪಿಸಿದವರೂ ಅವರೇ. ಒಂದು ಷರತ್ತು ಮಾತ್ರ ಎಲ್ಲರಿಗೂ ಒಂದೇ. ನೀರಿಗಿಳಿದ ಗಳಿಗೆಯಿಂದ ಮೈದಾನ ಮುಟ್ಟುವವರೆಗೆ ಬೇರೆಯವರ ಕೈ ಸೋಕಬಾರದು. ಸೋಕಿದರೆ ಔಟ್. ಇಷ್ಟು ಸುಲಭದ ಷರತ್ತೇ ಎಂದು ಕಲ್ಲೇಶಿ ನಕ್ಕ. ಅವನು ತನ್ನ ತೋಳಿನ ಬಲವನ್ನು ಲೆಕ್ಕ ಹಾಕಿದ್ದ, ಊರಿನ ಪ್ರೀತಿಯನ್ನು ಹಾಕಿರಲಿಲ್ಲ.

ಮೊದಲ ವರ್ಷ ಹೊಳೆಯನ್ನು ಅವನು ಚೆನ್ನಾಗಿಯೇ ದಾಟಿದ. ಐದಾರು ಜನ ಕಾಲಿದ್ದವರು ಅವನ ಹಿಂದೆ ನೀರು ಕುಡಿಯುತ್ತಿದ್ದರು. ಸ್ನಾನಘಟ್ಟದ ಮೆಟ್ಟಿಲಿಗೆ ಬಂದು, ಹಿಂದುಮುಂದಾಗಿ ಕುಳಿತು, ಅಂಗೈ ಊರಿ ಒಂದೊಂದೇ ಮೆಟ್ಟಿಲು ಏರತೊಡಗಿದ. ಹೀಗೇ ಏರಬೇಕೆಂದು ಒಂದು ತಿಂಗಳು ಅಭ್ಯಾಸ ಮಾಡಿದ್ದ. ಆದರೆ ಮೆಟ್ಟಿಲ ಮೇಲೆ ನಿಂತು ಕಣ್ಣೀರು ಸುರಿಸುತ್ತಿದ್ದ ಕೆಂಚವೀರಪ್ಪ ಮಾವನಿಗೆ ಅದು ತಿಳಿದಿರಲಿಲ್ಲ. ತಾನೇ ಬಾವಿಗೆಸೆದ ಹುಡುಗ ಹೊಳೆ ದಾಟಿ ಬಂದಿದ್ದಾನೆ, ಬಂದು ಕಲ್ಲಿನ ಮೇಲೆ ತೆವಳುತ್ತಿದ್ದಾನೆ. ಮಾವ ನಾಲ್ಕು ಜನರನ್ನು ಸೇರಿಸಿಕೊಂಡು ಇಳಿದುಬಂದು ಅಳಿಯನನ್ನು ಎತ್ತಿದ, ಎತ್ತಿ ಕುಣಿಸಿದ, ಕುಣಿಸಿಕೊಂಡೇ ಹೋಗಿ ಸೈಕಲ್ಲಿನ ಮೇಲೆ ಕೂರಿಸಿದ. ಕಲ್ಲೇಶಿ ಇಡೀ ದಾರಿ ಇಳಿಸು ಮಾವ, ಇಳಿಸು ಎಂದು ಕೂಗುತ್ತಿದ್ದ. ಸಂತೋಷಕ್ಕೆ ಕೂಗುತ್ತಿದ್ದಾನೆಂದು ಜನ ಚಪ್ಪಾಳೆ ತಟ್ಟಿದರು. ಮಾಸ್ತರ ಸೀಟಿ ಕೂಗಿತು, ಔಟ್.

ಎರಡನೆಯ ವರ್ಷಕ್ಕೆ ಗೆಳೆಯರಿಬ್ಬರೂ ಬುದ್ಧಿ ಕಲಿತಿದ್ದರು. ಮಾವನನ್ನು ಕರೆಯಲಿಲ್ಲ. ಗೌಸ್ ಪೀರ್ ಗಾಲಿಕುರ್ಚಿಯ ಹಿಂದಿನ ಎರಡು ಹಿಡಿಗಳನ್ನು ಕೊಯ್ದು ಹಾಕಿದ, ಹಿಡಿಯಲು ಹಿಡಿಯೇ ಇಲ್ಲದಿದ್ದರೆ ತಳ್ಳುವುದು ಹೇಗೆ ಎಂಬುದು ಅವನ ವಾದ. ಮಾರನೆಯ ದಿನವೇ ಒಬ್ಬ ಹಿರಿಯರು, ಪಾಪ, ಹಿಡಿ ಮುರಿದುಹೋಗಿದೆ ಎಂದು ಮರುಗಿ, ಕಲ್ಲೇಶಿಯ ಹೆಗಲು ಹಿಡಿದು ತಳ್ಳಿದರು. ಕುರ್ಚಿಗೂ ಸೈಕಲ್ಲಿಗೂ ಬೆನ್ನಿನ ಕಡೆ 'ದಯವಿಟ್ಟು ತಳ್ಳಬೇಡಿ' ಎಂದು ಬಣ್ಣದಲ್ಲಿ ಬರೆಸಿದರು. ಅದರಿಂದ ಇನ್ನೊಂದು ಸಮಸ್ಯೆಯಾಯಿತು. ಓದಲು ಜನ ಹತ್ತಿರ ಬಂದರು, ಓದುತ್ತಾ ಓದುತ್ತಾ ಆಸರೆಗೆಂದು ಕೈ ಇಟ್ಟರು, ಕೈ ಇಟ್ಟ ಮೇಲೆ ಸುಮ್ಮನಿರಲು ಬರುತ್ತದೆಯೇ.

ಆದರೂ ಆ ವರ್ಷ ಹೊಳೆ ದಾಟಿ, ಮೆಟ್ಟಿಲು ಏರಿ, ಸೈಕಲ್ ಹತ್ತಿ, ಪಿ.ಬಿ. ರಸ್ತೆಯಲ್ಲಿ ಅರ್ಧ ದಾರಿ ಬಂದಿದ್ದ. ಏರು ಬಂತು. ಹಿಂದಿನಿಂದ ಲೂನಾದಲ್ಲಿ ಬಂದ ಮೀಸೆಯವನೊಬ್ಬ, ಬೀಡಿಯನ್ನು ತುಟಿಯ ಆ ಕಡೆಗೆ ಸರಿಸಿ, ಎಡಗಾಲನ್ನು ಕಲ್ಲೇಶಿಯ ಸೈಕಲ್ಲಿನ ಹಿಂದಿನ ಅಚ್ಚಿಗೆ ಒತ್ತಿಟ್ಟು ಎಕ್ಸಿಲರೇಟರ್ ತಿರುವಿದ. ಪೆಟ್ರೋಲ್ ಮುಗಿದ ಗಾಡಿಗೆ ಈ ಊರಿನ ಕಡೆ ಹೀಗೇ ಕಾಲು ಕೊಡುವುದು. ಕಾಲಿಲ್ಲದವನಿಗೆ ಕಾಲು ಕೊಟ್ಟೆನೆಂಬ ಧನ್ಯತೆ ಅವನ ಮುಖದ ಮೇಲೆ ಹೊಳೆಯುತ್ತಿತ್ತು. ಕಲ್ಲೇಶಿ ಬ್ರೇಕ್ ಹಿಡಿದ. ಬ್ರೇಕ್ ಸಿಕ್ಕಿಕೊಂಡಿದೆಯೆಂದು ತಿಳಿದ ಲೂನಾದವನು ಇನ್ನೂ ಬಲವಾಗಿ ಒತ್ತಿದ. ಸೀಟಿ ಕೂಗಿತು.

ಕೈ ಕೊಡಲು ಬಂದವರೆಲ್ಲ ಹೀಗೆ ಕೈ ಕೊಡುತ್ತಾ ಬಂದರು.

ಮೂರನೆಯ ವರ್ಷ ಸ್ಪರ್ಧೆಗೆ ಒಂದು ತಿಂಗಳಿರುವಾಗ ಮಾಸ್ತರು ಬೂತಿಗೆ ಬಂದು ಸೀಟಿ ಊದದೆ ಮಾತಾಡಿದರು. ಅದನ್ನು ಕಂಡೇ ವಿಷಯ ಗಂಭೀರವೆಂದು ಕಲ್ಲೇಶಿಗೆ ಗೊತ್ತಾಯಿತು. ಬೆಂಗಳೂರಿನಲ್ಲಿ ಗಾಲಿಕುರ್ಚಿಯವರಿಗೇ ಪ್ರತ್ಯೇಕ ಕ್ರೀಡಾಕೂಟ ನಡೆಯಲಿದೆಯಂತೆ. ಅವನನ್ನು ಕಳಿಸಲು ಅವರಿಗೆ ಆಸೆ. ಆದರೆ ಒಂದಾದರೂ ಸ್ಪರ್ಧೆಯನ್ನು ಕೊನೆಯವರೆಗೆ ಮುಗಿಸಿದವರನ್ನು ಮಾತ್ರ ಅಲ್ಲಿ ಸೇರಿಸುತ್ತಾರಂತೆ. ಹರಿಹರದ ಸಂಘದ ಹುಡುಗರು ಒಬ್ಬೊಬ್ಬರಾಗಿ ಮದುವೆಯಾಗುತ್ತಿದ್ದಾರೆ, ಮುಂದಿನ ವರ್ಷ ಈ ಆಟ ಇರುವುದೇ ಅನುಮಾನ.

"ಕಲ್ಲೇಶಿ, ನಿನ್ ಸೋಲ್ಸೋರು ಆಡೋರಲ್ಲಪ್ಪ, ನೋಡೋರು," ಎಂದರು ಮಾಸ್ತರು. "ಅವ್ರನ್ನ ಹೆಂಗ್ ಗೆಲ್ತೀಯೋ ನೋಡು. ಯಾರ ಒಂದು ಬೆರಳು ಸೋಕಿದ್ರೂ ನಾ ಊದಾವ್ನೇ. ರೂಲ್ ಅಂದ್ರೆ ರೂಲ್."

ಅಂದು ರಾತ್ರಿ ಊಟಕ್ಕೆ ಕುಳಿತಾಗ ಕಲ್ಲೇಶಿ ಈ ಮಾತನ್ನೆಲ್ಲ ಮಾಸ್ತರ ಧ್ವನಿಯಲ್ಲೇ ಅವ್ವನಿಗೆ ಒಪ್ಪಿಸಿದ. ಅವಳು ಸೀಟಿಯನ್ನು ತಿದ್ದಲಿಲ್ಲ. ರೊಟ್ಟಿ ಹಾಕುತ್ತಾ, ಯಾರೂ ಮುಟ್ಟಬಾರ್ದು, ಅಷ್ಟೇ ಹೌದಲ್ಲ ಎಂದು ಕೇಳಿದಳು. ಅಷ್ಟೇ ಎಂದ. ಅವಳು ಇನ್ನೊಂದು ರೊಟ್ಟಿ ಹಾಕಿದಳು.

ಒಂದು ವಾರದ ನಂತರ ಮಧ್ಯಾಹ್ನ ಬೂತಿಗೆ ಒಬ್ಬ ಹೆಂಗಸು ಬಂದು ಹರಿಹರದ ತಂಗಿಗೆ ಫೋನ್ ಹಚ್ಚಿದಳು. ಗಾಜಿನ ಗೂಡಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದರಿಂದಾಗಿ ವಿದ್ಯಾನಗರದ ಸಂಗತಿಗಳೆಲ್ಲ ಕಲ್ಲೇಶಿಗೆ ಗೊತ್ತಿರುತ್ತಿದ್ದವು. ಮೀಟರಿನ ಕೆಂಪು ಅಂಕಿ ಓಡುತ್ತಿತ್ತು. ಹೆಂಗಸು ಸಾರಿನ ಪುಡಿ, ನಾದಿನಿಯ ಸೊಕ್ಕು ಎಲ್ಲ ಮುಗಿಸಿ, ಧ್ವನಿ ತಗ್ಗಿಸಿ, ಹಿಟ್ಟಿನ ಗಿರಣಿಯಲ್ಲಿ ಕೇಳಿದ ಸುದ್ದಿಗೆ ಬಂದಳು. ಫೋನಿನ ಬೂತಿನ ಕಲ್ಲೇಶಿ ಹರಕೆ ಹೊತ್ತಾನಂತೆ. ಹೊಳೆಯಲ್ಲಿ ಮುಳುಗಿ ಎದ್ದು, ಒದ್ದೆ ಬಟ್ಟೆಯಲ್ಲಿ, ಯಾರ ಕೈಯೂ ಸೋಕದ ಹಾಗೆ ದಾವಣಗೆರೆ ಮುಟ್ಟಬೇಕಂತೆ. ಯಾರಾದರೂ ಮುಟ್ಟಿದರೆ ಹರಕೆ ಕೆಟ್ಟು ಮತ್ತೆ ಹೊಳೆಯಿಂದ ಶುರುವಂತೆ, ಮುಟ್ಟಿದವರ ಮನೆಗೂ ಒಳ್ಳೆಯದಲ್ಲವಂತೆ. ಈ ಕೊನೆಯದನ್ನು ಅವಳು ತಾನೇ ಸೇರಿಸಿದಂತಿತ್ತು. ಹೊರಗೆ ಬಂದವಳು ದುಡ್ಡನ್ನು ಅವನ ಕೈಗೆ ಕೊಡದೆ, ದೂರದಿಂದ ಮೇಜಿನ ಮೇಲಿಟ್ಟು ಕೈಮುಗಿದು ಹೋದಳು.

ಕಲ್ಲೇಶಿ ಬೂತಿಗೆ ಬೀಗ ಹಾಕಿ ಮನೆಗೆ ಬಂದ. ದಾರಿಯಲ್ಲಿ ಯಾರೂ ತಳ್ಳಲಿಲ್ಲ. ಅದು ಅವನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಮನೆಯಲ್ಲಿ ಗೌಸ್ ಪೀರ್ ಆಗಲೇ ಕುಳಿತು ಮಂಡಕ್ಕಿ ತಿನ್ನುತ್ತಿದ್ದ.

"ಅವ್ವಾ, ನಾ ಆಟಕ್ಕೆ ಹೊಂಟಾವ್ನು. ದೀಡ ನಮಸ್ಕಾರಕ್ಕಲ್ಲ."

ಸರ್ವಮಂಗಳಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. "ದೀಡ ನಮಸ್ಕಾರ ಹಾಕೋರನ್ನ ಯಾರಾರ ಎತ್ತಿದ್ದು ನೋಡೀಯೇನು? ಉದ್ದಕ್ಕೆ ಮಲಗಿ ಎದ್ದು, ಮೊಣಕಾಲು ಕಿತ್ತು ರಕ್ತ ಬಂದ್ರೂ ಮಂದಿ ದೂರ ನಿಂತು ನೀರ್ ಹಾಕ್ತಾರ, ಕೈ ಹಚ್ಚಲ್ಲ. ಈ ಊರ ಮಂದಿ ಕೈ ಕಟ್ಟಿ ನಿಲ್ಲೋದು ಅದೊಂದಕ್ಕೇ."

ತಾನು ಸುಳ್ಳು ಹರಕೆ ಹೊರಲಾರೆ ಎಂದ ಕಲ್ಲೇಶಿ. ಸುಳ್ಳು ಯಾರು ಹೇಳಿದರು ಎಂದಳು ಅವಳು. ಹರಿಹರೇಶ್ವರನ ಮುಂದೆ ನಿಂತು ತಾನೇ ಹೊತ್ತು ಬಂದಿದ್ದಾಳೆ, ಮಗ ಯಾರ ಕೈಯೂ ಸೋಕದೆ ಊರು ಮುಟ್ಟಲಿ ಅಂತ. "ನಿಮ್ ಮಾಸ್ತರ್ ಹೇಳಿದ್ರೆ ರೂಲು, ನಾ ಹೇಳಿದ್ರೆ ಹರಕಿ. ಎರಡ್ರಾಗೂ ಇರಾದು ಒಂದೇ ಮಾತು."

ಮುಟ್ಟಿದ ಮೇಲೆ ದೇವರೇ ಮುಟ್ಟಿಸಿದ ಅಂತಾರಲ್ಲ ಎಂದು ಕಲ್ಲೇಶಿ ಗೊಣಗಿದ. ಅವನ ನಿಜವಾದ ನೋವು ಅದೇ ಆಗಿತ್ತು.

"ಅನ್ಲಿ ಬಿಡು. ದೇವ್ರು ಗುಡಿ ಬಿಟ್ಟು ಬಂದು ತಳ್ಳಲ್ಲ. ನಿನ್ ತೋಳಿಗೆ ಗೊತ್ತಿರತೈತಿ ಯಾರು ಮುಟ್ಸಿದ್ರು ಅಂತ."

ಗೌಸ್ ಪೀರ್ ಮಂಡಕ್ಕಿ ನುಂಗಿ, ತಮ್ಮ ಉರುಸಿನಲ್ಲೂ ಹರಕೆ ಹೊತ್ತವರ ದಾರಿಗೆ ಯಾರೂ ಅಡ್ಡ ಬರುವುದಿಲ್ಲ, ತನ್ನ ಕಡೆಯ ಓಣಿಗಳ ಜವಾಬ್ದಾರಿ ತನಗಿರಲಿ ಎಂದ. ಕೊನೆಗೆ ಕಲ್ಲೇಶಿ ಕೇಳಿದ್ದು ಒಂದೇ: ಹರಕೆಯೆಂದರೆ ತೀರಿಸುವುದೂ ಒಂದಿರುತ್ತದಲ್ಲ, ಬದಲಿಗೆ ದೇವರಿಗೆ ಏನು ಒಪ್ಪಿಕೊಂಡಿದ್ದೀಯ. ಅದು ನಂದೂ ದೇವ್ರದೂ ಎಂದು ಅವಳು ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಸ್ಪರ್ಧೆಯ ದಿನ ಸೈಕಲ್ಲಿನ ಮುಂದೆ ಬೇವಿನ ಎಲೆಯ ಒಂದು ಗೊಂಚಲು ಕಟ್ಟಿತ್ತು. ಯಾರು ಕಟ್ಟಿದರೆಂದು ಕಲ್ಲೇಶಿ ಕೇಳಲಿಲ್ಲ. ಹೊಳೆ ಎಂದಿನಂತೆ ಸುಲಭವಾಯಿತು. ಮೆಟ್ಟಿಲಿಗೆ ಬಂದು ಮೇಲೆ ನೋಡಿದ. ಎರಡೂ ಕಡೆ ಜನ, ಎಲ್ಲರ ಕೈಯೂ ಎದೆಯ ಮುಂದೆ ಜೋಡಿಸಿತ್ತು. ಮುಂದಿನ ಸಾಲಿನಲ್ಲಿ ಕೆಂಚವೀರಪ್ಪ ಮಾವ. ಅವನು ತನ್ನ ಮೇಲೆ ತನಗೇ ನಂಬಿಕೆಯಿಲ್ಲದೆ ಎರಡೂ ಕೈಗಳನ್ನು ಟವೆಲ್ಲಿನಿಂದ ಕಟ್ಟಿಸಿಕೊಂಡು ಬಂದಿದ್ದ. ಅಳಿಯ ಒಂದೊಂದು ಮೆಟ್ಟಿಲು ಏರಿದಾಗಲೂ ಮಾವನ ಭುಜಗಳು ತಾವಾಗಿಯೇ ಮೇಲಕ್ಕೆ ಹೋಗುತ್ತಿದ್ದವು. ಕಲ್ಲೇಶಿ ಸೈಕಲ್ಲಿಗೆ ಹತ್ತಿ ಕುಳಿತಾಗ ಮಾವನೇ ಹೆಚ್ಚು ಏದುಸಿರು ಬಿಡುತ್ತಿದ್ದ.

ರಸ್ತೆಯಲ್ಲಿ ಹೊಸ ತೊಂದರೆ ಕಾದಿತ್ತು. ಹರಕೆಯವರ ಹಾದಿ ತಂಪಾಗಲಿ ಎಂದು ಹೆಂಗಸರು ಕೊಡ ಹೊತ್ತು ನಿಂತು ನೀರು ಚೆಲ್ಲುತ್ತಿದ್ದರು. ಕಲ್ಲೇಶಿಯ ಮುಂದಿನ ಗಾಲಿ ಎರಡು ಸಲ ಜಾರಿತು. ನೀರು ಚೆಲ್ಲುವುದು ಸಹಾಯವೋ ತೊಂದರೆಯೋ ಎಂದು ತೀರ್ಮಾನಿಸಲಾಗದೆ ಮಾಸ್ತರು ಸಂಘದ ಜೀಪಿನಲ್ಲಿ ಸೀಟಿಯನ್ನು ಬಾಯಲ್ಲಿಟ್ಟುಕೊಂಡೇ ಕುಳಿತಿದ್ದರು. ಏರಿನ ಹತ್ತಿರ ಬಂದಾಗ ಹಿಂದೆ ಲೂನಾದ ಸದ್ದು ಕೇಳಿತು. ಕಲ್ಲೇಶಿ ತಿರುಗಿ ನೋಡಿದ. ಅದೇ ಮೀಸೆ, ಅದೇ ಬೀಡಿ. ಲೂನಾದವನು ಸರಿಯಾಗಿ ಒಂದು ಮಾರು ದೂರ ಬಿಟ್ಟು, ಎರಡೂ ಕಾಲನ್ನು ಎದ್ದು ಕಾಣುವಂತೆ ಮುಂದಿಟ್ಟುಕೊಂಡು, ಹಿಂದೆ ಬರುತ್ತಿದ್ದ ಲಾರಿಗಳನ್ನು ಕೈಬೀಸಿ ಪಕ್ಕಕ್ಕೆ ಸರಿಸುತ್ತಾ ಏರು ಮುಗಿಯುವವರೆಗೆ ಬಂದ. ಏರು ಮಾತ್ರ ಕಲ್ಲೇಶಿಯದೇ. ತೋಳು ಸುಟ್ಟುಹೋಗುತ್ತಿತ್ತು. ಸುಡುತ್ತಿರುವುದು ತನ್ನ ತೋಳು ಎಂಬುದರಲ್ಲಿ ಒಂದು ಸುಖವಿತ್ತು.

ಊರಿನ ಅಂಚಿನಲ್ಲಿ ಗೌಸ್ ಪೀರ್ ಗಾಲಿಕುರ್ಚಿಯನ್ನು ನಿಲ್ಲಿಸಿ, ಅದರಿಂದ ಹತ್ತು ಹೆಜ್ಜೆ ದೂರ ಹೋಗಿ ಕೈಕಟ್ಟಿ ನಿಂತಿದ್ದ. ಸೈಕಲ್ಲಿನಿಂದ ಕುರ್ಚಿಗೆ ದಾಟುವಾಗ ಕಲ್ಲೇಶಿಯ ಅಂಗೈ ಒಮ್ಮೆ ಜಾರಿತು. ಗೌಸ್ ಪೀರ್ ಬಾಯಿ ತೆರೆದು, ಮಾತೂ ಮುಟ್ಟಬಹುದೇನೋ ಎಂದು ಹೆದರಿ ಮುಚ್ಚಿಕೊಂಡ. ಆಮೇಲೆ ಊರು. ಅಂಗಡಿಯವರು ತಕ್ಕಡಿ ಬಿಟ್ಟು ಎದ್ದು ನಿಂತರು. ಇಷ್ಟು ವರ್ಷ ಅವನನ್ನು ಸಿಕ್ಕಸಿಕ್ಕಲ್ಲಿಗೆ ತಳ್ಳಿದ್ದ ಕೈಗಳೆಲ್ಲ ಎರಡೂ ಬದಿಯಲ್ಲಿ ಮುಗಿದುಕೊಂಡಿದ್ದವು. ದಾವಣಗೆರೆಯ ರಸ್ತೆ ಇಷ್ಟು ಅಗಲವಿದೆಯೆಂದು ಕಲ್ಲೇಶಿಗೆ ಆವತ್ತೇ ಗೊತ್ತಾದದ್ದು.

ಮೈದಾನದ ಗೇಟಿನ ಮುಂದೆ ಚರಂಡಿಯ ಮೇಲೆ ಕಬ್ಬಿಣದ ಸರಳುಗಳನ್ನು ಹಾಕಿದ್ದರು. ಕುರ್ಚಿಯ ಮುಂದಿನ ಚಿಕ್ಕ ಗಾಲಿ ಎರಡು ಸರಳುಗಳ ನಡುವೆ ಇಳಿದು ಕಚ್ಚಿಕೊಂಡಿತು. ಮುಕ್ತಾಯದ ಸುಣ್ಣದ ಗೆರೆ ಕಣ್ಣೆದುರಿಗೇ ಇತ್ತು. ಉಳಿದ ಸ್ಪರ್ಧಿಗಳು ಆಗಲೇ ಬಾಳೆಹಣ್ಣು ತಿಂದು, ಸಿಪ್ಪೆ ಎಸೆದು, ಬಹುಮಾನವನ್ನೂ ತೆಗೆದುಕೊಂಡು ಆಗಿತ್ತು. ಕಲ್ಲೇಶಿ ಮುಂದಕ್ಕೆ ಒತ್ತಿದ, ಹಿಂದಕ್ಕೆ ಎಳೆದ. ಗಾಲಿ ಅಲ್ಲಾಡಲಿಲ್ಲ.

ವೇದಿಕೆಯ ಮೇಲಿದ್ದ ಮುಖ್ಯ ಅತಿಥಿ ಮಾಲತೇಶಪ್ಪ ಸಾಹುಕಾರರು ಹಿಂದಿನ ರಾತ್ರಿಯಷ್ಟೇ ಮುಂಬೈಯಿಂದ ಬಂದಿದ್ದರು. ಊರಿನಲ್ಲಿ ಹರಕೆಯ ಸುದ್ದಿ ತಲುಪದೆ ಉಳಿದಿದ್ದ ಒಬ್ಬರೇ ಒಬ್ಬರು ಅವರು. ಗಾಲಿ ಸಿಕ್ಕಿದ್ದನ್ನು ನೋಡಿದರು, ಫೋಟೊದವನು ಇರುವುದನ್ನೂ ನೋಡಿದರು, ಬಿಳಿ ಜುಬ್ಬಾದ ತೋಳು ಮಡಚುತ್ತಾ ಇಳಿದು ಬಂದರು. ಕಲ್ಲೇಶಿಗೆ ಅವರ ಉಂಗುರಗಳ ಐದೂ ಬೆರಳು ತನ್ನ ಕಡೆ ಬರುತ್ತಿರುವುದು ಕಾಣಿಸಿತು. ಮಾಸ್ತರು ಸೀಟಿಯನ್ನು ತುಟಿಗೆ ಇಟ್ಟುಕೊಂಡರು. ಅವರ ಕಣ್ಣು ಮುಚ್ಚಿತ್ತು.

"ಮುಟ್ಟಬ್ಯಾಡ್ರಿ ಸಾವ್ಕಾರ್ರೆ." ಲೂನಾದವನು ಗಾಡಿಯನ್ನು ನಡುವೆ ಅಡ್ಡ ನಿಲ್ಲಿಸಿದ್ದ. ಸಾಹುಕಾರರು ತಬ್ಬಿಬ್ಬಾಗಿ ನಿಂತರು. ಹೂವಿನವಳು, ಪಾನಿನ ಅಂಗಡಿಯವನು, ಹಾಸ್ಟೆಲ್ ಹುಡುಗರು, ಎಲ್ಲರೂ ಒಬ್ಬೊಬ್ಬರಾಗಿ ಅದೇ ಮಾತು ಹೇಳಿದರು, ಕೂಗಿ ಅಲ್ಲ, ಗುಡಿಯೊಳಗೆ ಹೇಳುವ ಹಾಗೆ ಮೆಲ್ಲಗೆ. ಮುಟ್ಟಬ್ಯಾಡ್ರಿ. ಮುಟ್ಟಬ್ಯಾಡ್ರಿ.

ಕಲ್ಲೇಶಿ ಒಂದು ಸಲ ಉಸಿರೆಳೆದುಕೊಂಡು ಮೈಯ ಭಾರವನ್ನೆಲ್ಲ ಹಿಂದಕ್ಕೆ ಎಸೆದ. ಗಾಲಿ ಸರಳಿನಿಂದ ಹೊರಗೆ ಬಂತು. ಅದರ ಜೊತೆಗೆ ಕುರ್ಚಿಯೂ ಮಗುಚಿತು, ಅವನೂ ಬಿದ್ದ. ಗುಂಪಿನಿಂದ ಅಯ್ಯೋ ಎಂಬ ಉದ್ಗಾರ ಎದ್ದಿತು. ಬಿದ್ದಲ್ಲಿಂದ ಅವನಿಗೆ ಕಂಡದ್ದು ಜನರ ಕಾಲುಗಳು, ನೂರಾರು ಕಾಲುಗಳು, ಒಂದೂ ಮುಂದೆ ಬರದೆ ಮಿಡುಕುತ್ತಿದ್ದವು. ಅವುಗಳ ನಡುವೆ ಅವ್ವನ ಹಸಿರು ಸೀರೆಯ ಅಂಚು. ಮುಖ ಎತ್ತಿ ನೋಡಿದ. ಸರ್ವಮಂಗಳಮ್ಮನ ಬಲಗೈ ಅರ್ಧಕ್ಕೆ ಬಂದಿತ್ತು. ಅವಳು ಅದನ್ನು ಎಡಗೈಯಿಂದ ಹಿಡಿದುಕೊಂಡಳು, ಬೇರೆ ಯಾರದೋ ಕೈಯನ್ನು ಹಿಡಿದಂತೆ, ಹಿಡಿದು ಸೆರಗಿನೊಳಗೆ ಸುತ್ತಿಕೊಂಡಳು.

ಅವನು ತೆವಳಿ ಹೋಗಿ ಕುರ್ಚಿಯನ್ನು ನೆಟ್ಟಗೆ ಮಾಡಿದ. ಗಾಲಿಯನ್ನು ಒಂದು ಕೈಯಲ್ಲಿ ಬಿಗಿಹಿಡಿದು, ಇನ್ನೊಂದು ಮೊಣಕೈಯನ್ನು ಆಸನಕ್ಕೆ ಊರಿ ಮೈ ಎತ್ತಿದ. ಮೊದಲನೆಯ ಸಲ ಆಗಲಿಲ್ಲ. ಎರಡನೆಯ ಸಲ ಆಯಿತು. ಅಷ್ಟು ಹೊತ್ತೂ ಯಾರೂ ಏನೂ ಮಾಡಲಿಲ್ಲ. ಅಷ್ಟೊಂದು ಜನ ದಾವಣಗೆರೆಯವರು ಅಷ್ಟು ಹೊತ್ತು ಏನೂ ಮಾಡದೆ ನಿಂತಿದ್ದು ಜಿಲ್ಲೆಯಾದ ಮೇಲೆ ಅದೇ ಮೊದಲು. ಸರಳುಗಳನ್ನು ಓರೆಯಾಗಿ ದಾಟಿ, ಮೈದಾನದ ಮಣ್ಣಿನಲ್ಲಿ ಕುರ್ಚಿಯನ್ನು ಉರುಳಿಸಿಕೊಂಡು ಹೋಗಿ ಅವನು ಸುಣ್ಣದ ಗೆರೆಯನ್ನು ಮುಟ್ಟಿದ. ಎಲ್ಲರಿಗಿಂತ ಕೊನೆಯವನು. ಆದರೆ ಮುಟ್ಟಿದ.

ಏಕಾಂತಪ್ಪ ಮಾಸ್ತರು ಸೀಟಿ ಊದಲು ನೋಡಿದರು. ಗಾಳಿ ಬರಲಿಲ್ಲ. ಸೀಟಿಯನ್ನು ಅಂಗಿಗೆ ಒರೆಸಿ, ಕೈಯಲ್ಲಿದ್ದ ಮುಕ್ತಾಯದ ಬಾವುಟವನ್ನು ಕೆಳಗಿಳಿಸಿದರು.

ಜನ ಇನ್ನೂ ಹಾಗೇ ನಿಂತಿದ್ದರು. ಕೊನೆಗೆ ಕೆಂಚವೀರಪ್ಪ ಮಾವ, ಕಟ್ಟಿದ ಕೈಗಳನ್ನು ಮುಂದೆ ಚಾಚಿಕೊಂಡು, ಈಗ ಮುಟ್ಟಬೌದೇನವ್ವ ಎಂದು ತಂಗಿಯನ್ನು ಕೇಳಿದ. ಸರ್ವಮಂಗಳಮ್ಮ ಮಾಸ್ತರ ಕಡೆ ನೋಡಿದಳು. ಮಾಸ್ತರು ತಲೆಯಾಡಿಸಿದರು. ಅಲ್ಲಿಗೆ ಹೊಳೆಯಿಂದ ಇಲ್ಲಿಯವರೆಗೆ ತಡೆದಿಟ್ಟುಕೊಂಡದ್ದೆಲ್ಲ ಒಂದೇ ಸಲ ಬಂತು. ಎತ್ತಿದರು, ಕುಣಿಸಿದರು, ಕುರ್ಚಿಯ ಸಮೇತ ಮೈದಾನ ಸುತ್ತಿಸಿದರು. ಮಾಲತೇಶಪ್ಪ ಸಾಹುಕಾರರಿಗೂ ಫೋಟೊದಲ್ಲಿ ಒಂದು ಗಾಲಿ ಸಿಕ್ಕಿತು. ಮೂರು ವರ್ಷದ ಸ್ಪರ್ಧೆಯಲ್ಲಿ ಸವೆಯದ ಕುರ್ಚಿ ಅರ್ಧ ಗಂಟೆಯ ಪ್ರೀತಿಯಲ್ಲಿ ಸೊಟ್ಟಗಾಯಿತು ಎಂದು ಗೌಸ್ ಪೀರ್ ಒಂದು ವಾರ ಬೈದುಕೊಂಡ. ದೇವರು ಮುಟ್ಟಿಸಿದ ಎಂದು ಕೆಲವರು ಹೇಳಿದ್ದು ಕಲ್ಲೇಶಿಯ ಕಿವಿಗೂ ಬಿತ್ತು. ಅವನು ತನ್ನ ಅಂಗೈ ನೋಡಿಕೊಂಡ. ಚರ್ಮ ಸುಲಿದಿತ್ತು. ಅದು ಯಾವ ದೇವರ ಕೈಯೂ ಆಗಿರಲಿಲ್ಲ.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ, ಅವನು ಏಳುವ ಹೊತ್ತಿಗೆ ಸರ್ವಮಂಗಳಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿ, ಬರಿಗಾಲಲ್ಲಿ ಹೊಸ್ತಿಲು ದಾಟುತ್ತಿದ್ದಳು. ಎಲ್ಲಿಗೆ ಎಂದ. ಹರಿಹರಕ್ಕೆ, ನಡೆದುಕೊಂಡು ಎಂದಳು. ಹರಕೆಯ ಇನ್ನೊಂದು ತುದಿ ಅದು. ಮಗ ಹೊಳೆಯಿಂದ ಊರಿಗೆ ಯಾರ ಕೈಯೂ ಸೋಕದೆ ಬಂದರೆ ತಾನು ಊರಿನಿಂದ ಗುಡಿಗೆ ಹಾಗೇ ಹೋಗುತ್ತೇನೆಂದು ಒಪ್ಪಿಕೊಂಡಿದ್ದಳು. ಎರಡು ವರ್ಷದಿಂದ ಮೊಣಕಾಲು ನೋವಿಗೆ ಅಟ್ಟದ ಮೆಟ್ಟಿಲನ್ನೇ ಏರದಿದ್ದವಳು.

ಕಲ್ಲೇಶಿ ಬೂತು ತೆರೆಯಲಿಲ್ಲ. ಮೂರು ಗಾಲಿಯ ಸೈಕಲ್ ಹತ್ತಿ ಅವಳ ಪಕ್ಕದಲ್ಲೇ ಹೊರಟ. ಊರು ದಾಟುವವರೆಗೆ ಬೆಂಗಳೂರಿನ ಕೂಟದ ಮಾತಾಡಿದ, ಮಾಸ್ತರು ಈಗಾಗಲೇ ರೈಲಿನ ವೇಳೆ ವಿಚಾರಿಸಿ ಬಂದಿದ್ದನ್ನು ಸೀಟಿಯ ಸಮೇತ ಹೇಳಿದ. ಅವಳು ಹೂಂ ಎನ್ನುತ್ತಿದ್ದಳು. ಆಮೇಲೆ ಹೂಂ ಎನ್ನುವುದೂ ನಿಂತಿತು. ಬಿಸಿಲು ಏರಿತು. ಅವಳು ಎಡಗಾಲನ್ನು ಸ್ವಲ್ಪ ಎಳೆಯತೊಡಗಿದಳು. ಸೈಕಲ್ಲಿನ ಹಿಂದೆ ಒಬ್ಬರು ಕೂರುವಷ್ಟು ಜಾಗ ಖಾಲಿಯಿತ್ತು. ಕಲ್ಲೇಶಿ ಅದನ್ನು ನೋಡಬಾರದೆಂದುಕೊಂಡಷ್ಟೂ ಅದೇ ಕಾಣುತ್ತಿತ್ತು. ಅಂಗೈ ಜುಮುಜುಮು ಎನ್ನುತ್ತಿತ್ತು. ಮೊದಲು ಸುಲಿದ ಚರ್ಮವೆಂದುಕೊಂಡ. ಅದು ಚರ್ಮವಲ್ಲವೆಂದು ತಿಳಿಯಲು ಒಂದು ಮೈಲಿ ಬೇಕಾಯಿತು. ಮಾವನ ಭುಜಗಳು, ಲೂನಾದವನ ಎಡಗಾಲು, ಹಿಡಿ ಮುರಿದಿದೆಯೆಂದು ಮರುಗಿದ ಹಿರಿಯರು, ಎಲ್ಲರೂ ಒಬ್ಬೊಬ್ಬರಾಗಿ ನೆನಪಾದರು.

ಏರಿನಲ್ಲಿ ಅವಳು ತಡವರಿಸಿ ನಿಂತಳು. ಕಲ್ಲೇಶಿ ಯೋಚಿಸಲಿಲ್ಲ. ಅವನ ಕೈ ತಾನಾಗಿಯೇ ಅವಳ ಮೊಣಕೈಯ ಹತ್ತಿರಕ್ಕೆ ಹೋಗಿತ್ತು.

ಸರ್ವಮಂಗಳಮ್ಮ ತಿರುಗಿ ನೋಡದೆ, ಮೂಗಿನಿಂದ ಒಂದು ಸೀಟಿ ತೆಗೆದಳು. ಏಕಾಂತಪ್ಪ ಮಾಸ್ತರೇ ಹಿಂದೆ ನಿಂತಿದ್ದಾರೆಂದು ಕಲ್ಲೇಶಿ ಒಂದು ಗಳಿಗೆ ಬೆಚ್ಚಿಬಿದ್ದ.

"ಕೈ ತೆಗಿಯಲೇ ಕಲ್ಲೇಶಿ," ಎಂದಳು ಅವಳು, ಅದೇ ಮಾಸ್ತರ ಗಂಟಲಿನಲ್ಲಿ. "ರೂಲ್ ಅಂದ್ರೆ ರೂಲ್."

ಅವನು ಕೈ ತೆಗೆದು ಹಿಡಿಯ ಮೇಲಿಟ್ಟುಕೊಂಡ. ಅವಳಿಗಿಂತ ಒಂದು ಮಾರು ಹಿಂದೆ ಬಿದ್ದು, ಹಿಂದಿನಿಂದ ಬರುತ್ತಿದ್ದ ಲಾರಿಯನ್ನು ಕೈಬೀಸಿ ಪಕ್ಕಕ್ಕೆ ಸರಿಸಿದ.